ಸತ್ತು ಬದುಕಿದ ಟಾಕೀಸು!

ಟಾಕೀಸು ಮುಚ್ಚಿದರೆ ಮುಂದೇನಾಗುತ್ತೆ ಹೇಳಿ? ಗೋಡೌನ್ ಆಗುತ್ತೆ, ಕಲ್ಯಾಣ ಮಂಟಪ ಆಗುತ್ತೆ, ಇಲ್ಲಾ ನೆಲಸಮವಾಗಿ ಕಾಂಪ್ಲೆಕ್ಸ್ ಏಳುತ್ತೆ. ನಮ್ಮ ಕೆಂಪೇಗೌಡ ರಸ್ತೆಯಲ್ಲಿ ಸಾಗರ್ ಹೋಯಿತು, ಕಪಾಲಿಯೂ ಹೋಯಿತು. ಹೊಟ್ಟೆ ಉರಿಸಿಕೊಂಡು ಸುಮ್ಮನಾದೆವು. ಆದರೆ ಮುಂಬಯಿಯ ರಾಯಲ್ ಆಪೆರಾ ಹೌಸ್ ಕಥೆಯೇ ಬೇರೆ. ಈ ವಾರ ಅದನ್ನು ಹೇಳಲೇಬೇಕು ಗೆಳೆಯರೇ!

1911ರಲ್ಲಿ ಕಟ್ಟಡ ಪೂರ್ತಿ ಮುಗಿಯುವ ಮೊದಲೇ ಐದನೇ ಜಾರ್ಜ್ ದೊರೆ ಬಂದು ಉದ್ಘಾಟಿಸಿದ್ದ. ಬಿಳಿಯರ ಹಾಡು-ನಾಟಕಕ್ಕೆಂದು ಕಟ್ಟಿದ್ದು. ಸಿನಿಮಾ ಹುಚ್ಚು ಬಂತು ನೋಡಿ, 1935ರಲ್ಲಿ ಅದೂ ಟಾಕೀಸಾಯಿತು. 1952ರಲ್ಲಿ ಗೊಂಡಲ್ ಮಹಾರಾಜರ ಕೈಗೆ ಬಂತು.

ಸಿನಿಮಾ ಬಂದ ಮೇಲೂ ಆ ರಂಗದ ಮೇಲೆ ನಾಟಕವಾಡಿದವರು ಪೃಥ್ವೀರಾಜ್ ಕಪೂರ್. ಹೌದ್ರೀ, 1971ರ ‘ಸಾಕ್ಷಾತ್ಕಾರ’ದಲ್ಲಿ ನಮ್ಮ ಅಣ್ಣಾವ್ರ ಜೊತೆ ನಟಿಸಿದ ಅದೇ ಪೃಥ್ವೀರಾಜ್! 1944ರಲ್ಲಿ ಪೃಥ್ವಿ ಥಿಯೇಟರ್ಸ್ ಕಟ್ಟಿದರು. ನಾಟಕ ಮುಗಿದ ಮೇಲೆ ಬಾಗಿಲ ಬಳಿ ಜೋಳಿಗೆ ಒಡ್ಡಿ, ತಲೆ ತಗ್ಗಿಸಿ ನಿಲ್ಲುತ್ತಿದ್ದರಂತೆ. ಅಷ್ಟು ದೊಡ್ಡ ಆಳು, ಸ್ವಂತಕ್ಕಲ್ಲ, ಕಷ್ಟದಲ್ಲಿರುವವರ ನೆರವಿಗೆ ಕೈಯೊಡ್ಡಿದ್ದು. ಇವತ್ತು ಯಾವ ಹೀರೋ ನಿಲ್ತಾನೆ?

ನನ್ನ ಸೋದರಮಾವ ಗಿರ್‌ಗಾಂವ್ ಕಡೆಯ ಹೋಟೆಲೊಂದರಲ್ಲಿ ಸಪ್ಲೈಯರ್ ಆಗಿದ್ದವರು. ರಜೆ ಸಿಕ್ಕಿತೆಂದರೆ ಆಪೆರಾ ಹೌಸ್ ಬಾಲ್ಕನಿ! ‘ಆಪೆರಾ’ ಅಂದರೆ ಯಾರೋ ದೊರೆಯ ಹೆಸರು ಎಂದೇ ಬಹಳ ವರ್ಷ ನಂಬಿದ್ದರಂತೆ. 1993ರಲ್ಲಿ ಬೀಗ ಬಿದ್ದಾಗ, “ಮನೆಯವರು ಹೋದ ಹಾಗಾಯ್ತು ಮಾರಾಯ” ಅಂದಿದ್ದರು.

ಬೀಗ ಬಿದ್ದದ್ದು ಬರೋಬ್ಬರಿ 23 ವರ್ಷ. 2012ರಲ್ಲಿ ಜಗತ್ತಿನ ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಗೂ ಸೇರಿತು. ಗೊಂಡಲ್ ಮನೆತನದವರು ಮಾರಿ ಕೈತೊಳೆದುಕೊಳ್ಳಲಿಲ್ಲ. ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅವರಿಂದ ರಿಪೇರಿ ಮಾಡಿಸಿದರು. 2016ರ ಅಕ್ಟೋಬರ್‌ನಲ್ಲಿ ಬಾಗಿಲು ತೆರೆಯಿತು. ಮರುವರ್ಷ ಯುನೆಸ್ಕೊ ಪ್ರಶಸ್ತಿಯೂ ಬಂತು. ಈಗಲ್ಲಿ ನಾಟಕ, ಸಂಗೀತ, ನೃತ್ಯ, ಆಗಾಗ ಸಿನಿಮಾ. ಐನೂರೆಪ್ಪತ್ತೈದು ಸೀಟು.

ಮುಂಬಯಿಗೆ ಹೋದಾಗ ಮಾವನನ್ನು ಕರೆದೆ. “ಕೋಟು ಹಾಕಿದವರ ಜಾಗ ಅದು, ನಾವ್ಯಾಕೆ?” ಅಂತ ಹಿಂದೇಟು. ನನಗೂ ಅಳುಕಿತ್ತು, ಸುಳ್ಳೇಕೆ ಹೇಳಲಿ? ಶಿಳ್ಳೆ ಹೊಡೆದವನು ಕೈಕಟ್ಟಿ ಕೂರಬೇಕಾದ ಜಾಗವಾದರೆ ನಮ್ಮ ಟಾಕೀಸು ಉಳಿದಂತೆಯೋ, ಹೋದಂತೆಯೋ? ಅಂತೂ ಇಸ್ತ್ರಿ ಷರಟು ಹಾಕಿಸಿ ಹೊರಡಿಸಿದೆ. ಅಂದು ಸಂಗೀತ ಕಛೇರಿ.

ಒಳಗೆ ಹೋದವರೇ ತಲೆಯೆತ್ತಿ ನಿಂತುಬಿಟ್ಟರು. ಎಂಟು ಭಾಗದ ಗುಮ್ಮಟ, ದೊಡ್ಡ ದೊಡ್ಡ ತೂಗುದೀಪ, ಬಂಗಾರದ ಬಣ್ಣ... “ಇಷ್ಟು ವರ್ಷ ಇದೆಲ್ಲ ಇಲ್ಲೇ ಇತ್ತಾ? ದೀಪ ಆರಿಸಿದ ಮೇಲೆಯೇ ನಾನು ಒಳಗೆ ಬರ್ತಿದ್ದದ್ದು!” ಅಂದರು.

ಹಾಡು ಅವರಿಗೆ ಅರ್ಥವಾಗಲಿಲ್ಲ. ನನಗೂ ಅಷ್ಟೇ. ಆದರೂ ಮುಗಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಮಾವ. ಹೊರಬಂದು ಟೀ ಕುಡಿಯುತ್ತಾ ಕೇಳಿದರು:

“ಸಿನಿಮಾ ಯಾವಾಗ ಹಾಕ್ತಾರಂತೆ? ಸ್ವಲ್ಪ ವಿಚಾರಿಸು.”