ಕೋಸಂಬರಿಯಾಚೆಯ ಹಸಿ
ಸಿಯಾಟಲ್ ಬಳಿಯ ಬೆಲ್ವ್ಯೂ, ರೆಡ್ಮಂಡ್‌ನ ಕನ್ನಡ ಮನೆಗಳಿಗೆ ಹಸಿ ತಿನ್ನುವುದು ಹೊಸದಲ್ಲ. ರಾಮನವಮಿಗೆ ನೆನೆಸಿದ ಹೆಸರುಬೇಳೆ, ಹೆಚ್ಚಿದ ಸೌತೆಕಾಯಿ, ತೆಂಗಿನತುರಿ, ಮೇಲಿಷ್ಟು ನಿಂಬೆರಸ. ಬೇಯಿಸಿದರೆ ಕುಂದುವ ಸಿ ಜೀವಸತ್ವ ಈ ಕೋಸಂಬರಿಯಲ್ಲಿ ಉಳಿಯುತ್ತದೆ, ನಾರೂ ಸಿಗುತ್ತದೆ. ಆದರೆ ಮೂರು ಹೊತ್ತೂ ಹಸಿಯೇ ಬೇಕೆಂದು ಹಟ ಹಿಡಿದವರು ಸಿಯಾಟಲ್‌ನ 1996ರ ಅಕ್ಟೋಬರನ್ನು ನೆನೆಯುವುದು ಒಳ್ಳೆಯದು. ಜನ ಕಾಯಿಲೆ ಬಿದ್ದಾಗ ಇಲ್ಲಿನ ಆರೋಗ್ಯಾಧಿಕಾರಿಗಳು ಜಾಡು ಹಿಡಿದು ತಲುಪಿದ್ದು ಒಡ್ವಾಲಾ ಕಂಪನಿಯ, ಪಾಶ್ಚರೀಕರಿಸದ ಸೇಬಿನ ರಸಕ್ಕೆ. ಅದರಲ್ಲಿದ್ದ ಇ. ಕೋಲೈ ಬ್ಯಾಕ್ಟೀರಿಯಾ ಕೊಲರಾಡೊದಲ್ಲಿ ಒಂದು ಮಗುವಿನ ಜೀವವನ್ನೇ ತೆಗೆಯಿತು. ಮೊಳಕೆಕಾಳಿಗೂ ಇದೇ ಗಂಡಾಂತರ: ಮೊಳಕೆ ಬರಿಸುವ ಬಿಸುಪು, ತೇವ ಬ್ಯಾಕ್ಟೀರಿಯಾಕ್ಕೂ ಇಷ್ಟ. ಟೊಮೆಟೊದ ಲೈಕೋಪೀನ್ ಅಂತೂ ಬೆಂದರೇ ಮೈಗೆ ಚೆನ್ನಾಗಿ ಹತ್ತುವುದು. ಸಾರು ಬಿಡಬೇಕಿಲ್ಲ, ಮಾರಾಯರೇ! ರಾಜ್ಮಾ ಮಾತ್ರ ಹಸಿಯಾಗಿ ಬಾಯಿಗಿಡಬೇಡಿ; ಅದರಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನು ವಾಂತಿ ಮಾಡಿಸುತ್ತದೆ.