ಮನೆಯಿಂದ ವಿಮಾನ ನಿಲ್ದಾಣದವರೆಗಿನ ವೆಚ್ಚ: ಪೈಲಟ್‌ಗಳಿಗೆ ಆದಾಯ ತೆರಿಗೆಯಲ್ಲಿ ದೊರೆಯುವುದೇನು?

ದೇವನಹಳ್ಳಿ ಬಳಿಯ ವಿಮಾನ ನಿಲ್ದಾಣವು 2008ರ ಮೇ 24ರಂದು ಕಾರ್ಯಾರಂಭ ಮಾಡಿದ ನಂತರ, ಜಯನಗರ, ಜೆ.ಪಿ. ನಗರ, ಬನಶಂಕರಿ ಹಾಗೂ ಬಿ.ಟಿ.ಎಂ. ಬಡಾವಣೆಗಳಲ್ಲಿ ವಾಸಿಸುವ ಪೈಲಟ್‌ಗಳು ಕರ್ತವ್ಯಕ್ಕೆ ಹಾಜರಾಗಲು ನಗರವನ್ನು ದಾಟಿ ಸುಮಾರು 40 ಕಿ.ಮೀ. ಕ್ರಮಿಸಬೇಕಾಗಿದೆ. ಹಳೆಯ ಎಚ್‌ಎಎಲ್ ನಿಲ್ದಾಣವು ಇದಕ್ಕಿಂತ ಬಹಳ ಸಮೀಪದಲ್ಲಿತ್ತು. ಟ್ಯಾಕ್ಸಿ ಬಾಡಿಗೆ, ಇಂಧನ ಮತ್ತು ಟೋಲ್ ಶುಲ್ಕವು ಕರ್ತವ್ಯದ ನಿಮಿತ್ತ ಆದ ವೆಚ್ಚವಾದುದರಿಂದ ಅದನ್ನು ವೇತನದಿಂದ ಕಳೆಯಬಹುದೆಂಬ ಅಭಿಪ್ರಾಯವು ಹಲವರಲ್ಲಿದೆ. ಈ ಅಭಿಪ್ರಾಯ ಸರಿಯಲ್ಲ.

1961ರ ಆದಾಯ ತೆರಿಗೆ ಕಾಯ್ದೆಯ ಕಲಂ 16ರಲ್ಲಿ ವೇತನದಿಂದ ಕಳೆಯಬಹುದಾದ ಬಾಬ್ತುಗಳನ್ನು ಹೆಸರಿಸಲಾಗಿದ್ದು, ಮನೆಯಿಂದ ಕೆಲಸದ ಸ್ಥಳಕ್ಕೆ ಹೋಗಿಬರುವ ವೆಚ್ಚವು ಅವುಗಳಲ್ಲಿ ಸೇರಿಲ್ಲ. ಹಿಂದೆ ಸಾರಿಗೆ ಭತ್ಯೆಗೆ ತಿಂಗಳಿಗೆ ರೂ. 800, 2015ರ ಏಪ್ರಿಲ್‌ನಿಂದ ರೂ. 1,600ರವರೆಗೆ ವಿನಾಯಿತಿ ಇತ್ತು. 2018-19ರಿಂದ ಅಂಗವಿಕಲ ನೌಕರರನ್ನು ಹೊರತುಪಡಿಸಿ ಉಳಿದವರಿಗೆ ಅದನ್ನು ಹಿಂಪಡೆದು, ಎಲ್ಲ ವೇತನದಾರರಿಗೂ ಪ್ರಮಾಣಿತ ಕಡಿತವನ್ನು ನೀಡಲಾಯಿತು. 2024-25ರಿಂದ ಅದು ಹೊಸ ತೆರಿಗೆ ಪದ್ಧತಿಯಲ್ಲಿ ರೂ. 75,000, ಹಳೆಯ ಪದ್ಧತಿಯಲ್ಲಿ ರೂ. 50,000. ನಿಲ್ದಾಣದ ಪಕ್ಕದಲ್ಲಿರುವವರಿಗೂ ಬನಶಂಕರಿಯವರಿಗೂ ಮೊತ್ತ ಒಂದೇ; ದೂರವನ್ನು ಕಾಯ್ದೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಆದರೆ ಹಣ ಯಾವ ರೂಪದಲ್ಲಿ ಬರುತ್ತದೆ ಎಂಬುದು ಮುಖ್ಯವಾಗುತ್ತದೆ. ಸಂಸ್ಥೆಯೇ ವಾಹನ ಕಳುಹಿಸಿ ಪೈಲಟ್‌ರನ್ನು ಮನೆಯಿಂದ ಕರೆದೊಯ್ದು ಮರಳಿ ಬಿಟ್ಟಲ್ಲಿ, ಕಲಂ 17(2)ರ ವಿವರಣೆಯಂತೆ ಅದು ತೆರಿಗೆಗೊಳಪಡುವ ಸೌಲಭ್ಯವೆನಿಸುವುದಿಲ್ಲ. ಅದೇ ಪ್ರಯಾಣಕ್ಕೆ ಪ್ರತಿ ತಿಂಗಳು ನಗದು ಭತ್ಯೆ ನೀಡಿದಲ್ಲಿ ಪೂರ್ಣ ಮೊತ್ತವು ವೇತನಕ್ಕೆ ಸೇರುತ್ತದೆ. ಜೆ.ಪಿ. ನಗರದ ಒಂದೇ ರಸ್ತೆಯ ಇಬ್ಬರು ಪೈಲಟ್‌ಗಳ ತೆರಿಗೆಯಲ್ಲಿ ಇದರಿಂದಲೇ ವ್ಯತ್ಯಾಸವಾಗಬಹುದು. ನೇಮಕಾತಿ ಷರತ್ತುಗಳಿಗೆ ಸಹಿ ಹಾಕುವ ಮುನ್ನ ಈ ಅಂಶವನ್ನು ವಿಚಾರಿಸಿಕೊಳ್ಳುವುದು ಒಳಿತು. ಸಾಮಾನ್ಯವಾಗಿ ಯಾರೂ ವಿಚಾರಿಸುವುದಿಲ್ಲ.

ಕರ್ತವ್ಯ ಆರಂಭವಾದ ನಂತರದ ವೆಚ್ಚದ ವಿಷಯ ಬೇರೆ. ಪ್ರವಾಸದಲ್ಲಿ ಊರಿನ ಹೊರಗೆ ತಂಗಿದಾಗ ನೀಡುವ ದಿನಭತ್ಯೆಗೆ, ವಾಸ್ತವವಾಗಿ ಖರ್ಚಾದ ಮಟ್ಟಿಗೆ, ಕಲಂ 10(14) ಮತ್ತು ನಿಯಮ 2ಬಿಬಿ ಅನ್ವಯ ಎರಡೂ ಪದ್ಧತಿಗಳಲ್ಲಿ ವಿನಾಯಿತಿಯಿದೆ. ಉಳಿದ ಹಣ ತೆರಿಗೆಗೊಳಪಡುತ್ತದೆ. ಆದುದರಿಂದ ರಸೀದಿಗಳನ್ನು ಕಾಯ್ದಿರಿಸತಕ್ಕದ್ದು. ದಿನಭತ್ಯೆ ಪಡೆಯದ ಸಾರಿಗೆ ನೌಕರರಿಗೆ, ಸಂಚಾರದ ಅವಧಿಯ ವೈಯಕ್ತಿಕ ವೆಚ್ಚಕ್ಕೆಂದು ನೀಡುವ ಭತ್ಯೆಯಲ್ಲಿ ಶೇ. 70 ಅಥವಾ ತಿಂಗಳಿಗೆ ರೂ. 10,000, ಇವುಗಳಲ್ಲಿ ಕಡಿಮೆಯಾದುದು ವಿನಾಯಿತಿ. ಉದಾಹರಣೆಗೆ, ಭತ್ಯೆ ರೂ. 12,000 ಇದ್ದಲ್ಲಿ ವಿನಾಯಿತಿ ರೂ. 8,400; ರೂ. 20,000 ಇದ್ದಲ್ಲಿ ರೂ. 10,000 ಮಾತ್ರ. ಈ ಎರಡನೆಯ ಸೌಲಭ್ಯವು ಹಳೆಯ ಪದ್ಧತಿಯನ್ನು ಆಯ್ದವರಿಗೆ ಸೀಮಿತ. 2023-24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯವಾಗುವುದರಿಂದ, ಹಳೆಯದನ್ನು ಬಯಸುವವರು ನಿಗದಿತ ಅಂತಿಮ ದಿನಾಂಕದೊಳಗೆ ಸಲ್ಲಿಸುವ ರಿಟರ್ನ್‌ನಲ್ಲಿ ಅದನ್ನು ಸ್ಪಷ್ಟವಾಗಿ ಆಯ್ದುಕೊಳ್ಳಬೇಕು.

ವಿದೇಶದಲ್ಲಿರುವ ಬಂಧುಮಿತ್ರರ ಅನುಭವವನ್ನು ಇಲ್ಲಿಗೆ ಅನ್ವಯಿಸಿಕೊಳ್ಳುವುದೂ ಉಂಟು. ಅಮೆರಿಕದ ಫೆಡರಲ್ ತೆರಿಗೆಯಲ್ಲಿಯೂ, ಸಂಸ್ಥೆ ಭರಿಸದ ಉದ್ಯೋಗ ಸಂಬಂಧಿ ವೆಚ್ಚವನ್ನು ವೇತನದಾರರು ಕಳೆಯುವ ಅವಕಾಶವು ಸಾಮಾನ್ಯವಾಗಿ 2018ರಿಂದ ಇಲ್ಲ.

ತಪ್ಪು ಕೋರಿಕೆಯ ಪರಿಣಾಮ ಲಘುವಾದುದಲ್ಲ. ಕಲಂ 270ಎ ಪ್ರಕಾರ ಆದಾಯವನ್ನು ಕಡಿಮೆ ತೋರಿಸಿದಲ್ಲಿ ಅದರ ಮೇಲಿನ ತೆರಿಗೆಯ ಶೇ. 50, ತಪ್ಪು ಮಾಹಿತಿ ನೀಡಿದಲ್ಲಿ ಶೇ. 200 ದಂಡ ವಿಧಿಸಬಹುದು. ಮರುಪಾವತಿ ಕೊಡಿಸುವುದಾಗಿ ಹೇಳುವ ಮಧ್ಯವರ್ತಿಯು ರಿಟರ್ನ್ ತುಂಬಿದ್ದರೂ ಹೊಣೆ ತೆರಿಗೆದಾರರದೇ.

ಮೇಲ್ಕಂಡ ಕಲಂ ಮತ್ತು ಮೊತ್ತಗಳು 2025-26ರ ಆರ್ಥಿಕ ವರ್ಷದವರೆಗಿನ ಆದಾಯಕ್ಕೆ ಸಂಬಂಧಿಸಿವೆ. 2026ರ ಏಪ್ರಿಲ್ 1ರಿಂದ ಗಳಿಸುವ ಆದಾಯಕ್ಕೆ 2025ರ ಆದಾಯ ತೆರಿಗೆ ಕಾಯ್ದೆ ಅನ್ವಯವಾಗುವುದರಿಂದ, ಆ ವರ್ಷಗಳಿಗೆ ಇವನ್ನು ಹಾಗೆಯೇ ಬಳಸತಕ್ಕದ್ದಲ್ಲ.