ಆಸಿಡ್ ಬಾಟಲಿಗೆ ಕನ್ನಡ ಬರುವುದು ಯಾವಾಗ?

ಕನ್ನಡದ ಯುವಕರೇ, ಅಂಗಡಿಯ ಬೋರ್ಡು ನೋಡಿದ್ದೀರಿ. ಬ್ಯಾಂಕಿನ ಚಲನ್ ನೋಡಿದ್ದೀರಿ. ರೈಲು ನಿಲ್ದಾಣದ ಫಲಕ ನೋಡಿದ್ದೀರಿ. ಕನ್ನಡ ಇಲ್ಲದ ಕಡೆ ಬೀದಿಗಿಳಿದಿದ್ದೀರಿ. ಸಂತೋಷ. ಆದರೆ ನಿಮ್ಮೂರಿನ ಕನ್ನಡ ಶಾಲೆಯ ವಿಜ್ಞಾನದ ಕಪಾಟನ್ನು ಒಮ್ಮೆಯಾದರೂ ತೆರೆದು ನೋಡಿದ್ದೀರಾ?

ನಾನು ನೋಡಿದ್ದೇನೆ. ನಾನೊಬ್ಬ ಸಣ್ಣ ಪ್ರೆಸ್ಸಿನ ಮಾಲೀಕ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಶಾಲೆಗಳಿಗೆ ರೆಕಾರ್ಡ್ ಪುಸ್ತಕ, ಪ್ರಶ್ನೆಪತ್ರಿಕೆ ಅಚ್ಚು ಹಾಕಿಕೊಡುವುದು ನನ್ನ ಹೊಟ್ಟೆಪಾಡು. ಗಂಟು ಇಳಿಸಲು ಹೋದಾಗ ಕಣ್ಣು ಕಪಾಟಿನ ಕಡೆ ಹೋಗುತ್ತದೆ. ಗೋಡೆಯ ಮೇಲೆ ಮುಧೋಳದ ಮಣ್ಣಿನ ಕವಿ ರನ್ನನ ಚಿತ್ರ. ಕಪಾಟಿನೊಳಗೆ ಗಂಧಕಾಮ್ಲ, ನೈಟ್ರಿಕ್ ಆಮ್ಲ, ಸ್ಪಿರಿಟ್. ಅವುಗಳ ಮೇಲಿನ ಎಚ್ಚರಿಕೆ ಅಪ್ಪಟ ಇಂಗ್ಲಿಷ್! ಕೆಲವು ಬಾಟಲಿಗಳ ಚೀಟಿಯನ್ನು ಆಸಿಡ್ಡೇ ತಿಂದು ಹಾಕಿರುತ್ತದೆ. ಒಳಗೇನಿದೆ ಎಂದು ಕೇಳಿದರೆ ಮಾಸ್ತರರೇ ಮೂಸಿ ನೋಡಲು ಹೊರಡುತ್ತಾರೆ.

ಇದು ನನಗೆ ಬರೀ ಭಾಷಣದ ವಿಷಯವಲ್ಲ. ನಾನು ಪಿಯುಸಿ ಓದುವಾಗ ನನ್ನ ಪಕ್ಕದಲ್ಲಿದ್ದ ಗೆಳೆಯ ಗಂಧಕಾಮ್ಲವನ್ನು ತೆಳು ಮಾಡಲು ಅದರೊಳಗೆ ನೀರು ಸುರಿದ. ಕ್ಷಣದಲ್ಲಿ ಕುದಿದು ಮುಖಕ್ಕೆ ಹಾರಿತು. ನೀರಿಗೆ ಆಸಿಡ್ ಹಾಕಬೇಕು, ಅದೂ ಸ್ವಲ್ಪ ಸ್ವಲ್ಪವಾಗಿ. ಆಸಿಡ್ಡಿಗೆ ನೀರು ಹಾಕಬಾರದು. ಈ ಮಾತನ್ನು ಯಾರಾದರೂ ಅವನಿಗೆ ಕನ್ನಡದಲ್ಲಿ ಹೇಳಿದ್ದರೆ ಸಾಕಿತ್ತು. ಹತ್ತನೆಯವರೆಗೆ ಕನ್ನಡದಲ್ಲಿ ಓದಿದ ಹುಡುಗ ಬಾಟಲಿಯ ಮೇಲಿನ ಸಣ್ಣ ಇಂಗ್ಲಿಷ್ ಅಕ್ಷರ ಓದಿಕೊಂಡು ಪ್ರಯೋಗ ಮಾಡುತ್ತಾನೆಯೇ? ಮೇಷ್ಟ್ರು ಗಾಬರಿಯಾಗಿ ಒಣ ಬಟ್ಟೆ ಹುಡುಕುತ್ತ ಓಡಾಡಿದರು. ಬೇಕಾಗಿದ್ದದ್ದು ಹರಿಯುವ ನೀರು, ಕನಿಷ್ಠ ಇಪ್ಪತ್ತು ನಿಮಿಷ. ನಲ್ಲಿಯಲ್ಲಿ ನೀರೇ ಇರಲಿಲ್ಲ. ಗೆಳೆಯನ ಕೆನ್ನೆಯ ಕಲೆ ಇಂದಿಗೂ ಹೋಗಿಲ್ಲ.

ಆ ಮೇಷ್ಟ್ರನ್ನು ನಾನು ಬೈಯುವುದಿಲ್ಲ. ಅವರಿಗೆ ಕಲಿಸಿದವರಾದರೂ ಯಾರು? ಪಾಠ ಹೇಳಲು ತರಬೇತಿ ಕೊಟ್ಟರು. ಅಪಾಯವಾದಾಗ ಮೊದಲ ಒಂದು ನಿಮಿಷ ಏನು ಮಾಡಬೇಕೆಂದು ಹೇಳಿಕೊಡಲಿಲ್ಲ.

ಪ್ರಯೋಗ ಮಾಡಿಸಿ ಎಂದು ಪಠ್ಯಪುಸ್ತಕ ಹೇಳುತ್ತದೆ. ಹತ್ತನೇ ತರಗತಿಯಲ್ಲಿ ಸೀಸದ ನೈಟ್ರೇಟ್ ಕಾಸಬೇಕು. ಅದರಿಂದ ಬರುವ ಕಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್, ಶ್ವಾಸಕೋಶಕ್ಕೆ ವಿಷ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಐವತ್ತು ಮಕ್ಕಳ ನಡುವೆ ಇದನ್ನು ಎಷ್ಟು ಕಾಸಬೇಕು, ಎಲ್ಲಿ ನಿಂತು ಕಾಸಬೇಕು? ಪೊಟ್ಯಾಸಿಯಂ ಪರ್ಮಾಂಗನೇಟಿನ ಮೇಲೆ ಗ್ಲಿಸರಿನ್ ಬಿದ್ದರೆ ಕಡ್ಡಿ ಗೀರದೆಯೇ ಬೆಂಕಿ ಏಳುತ್ತದೆ. ಇವೆರಡನ್ನೂ ಒಂದೇ ಹಲಗೆಯ ಮೇಲೆ ಇಟ್ಟ ಕಪಾಟುಗಳನ್ನು ನಾನೇ ಕಂಡಿದ್ದೇನೆ.

ಚಿತ್ರದ ಗುರುತು ಇದೆಯಲ್ಲ ಎಂದು ಕೆಲವರು ವಾದಿಸಬಹುದು. ವಿಶ್ವಸಂಸ್ಥೆ 2003ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ಒಂಬತ್ತು ಚಿತ್ರಗಳಿವೆ. ಬರೀ ಬೆಂಕಿಯ ಚಿತ್ರವಿದ್ದರೆ ಅದು ತಾನೇ ಹೊತ್ತಿ ಉರಿಯುವ ವಸ್ತು. ವೃತ್ತದ ಮೇಲೆ ಬೆಂಕಿ ಇದ್ದರೆ ಇನ್ನೊಂದರ ಬೆಂಕಿಗೆ ತುಪ್ಪ ಸುರಿಯುವ ವಸ್ತು. ಹೇಳಿಕೊಡದಿದ್ದರೆ ಎರಡೂ ಒಂದೇ ಥರ ಕಾಣುತ್ತವೆ. ಚಿತ್ರಕ್ಕೂ ಗುರು ಬೇಕು!

ಇನ್ನೊಂದು ವಿಚಿತ್ರ ಕೇಳಿ. ನಮ್ಮ ರೈತ ಕಬ್ಬಿಗೆ, ಹತ್ತಿಗೆ ಹೊಡೆಯುವ ಔಷಧದ ಡಬ್ಬಿ ನೋಡಿ. 1971ರ ಕೀಟನಾಶಕ ನಿಯಮದ ಪ್ರಕಾರ ಅದರ ಚೀಟಿ ಹಿಂದಿ, ಇಂಗ್ಲಿಷಿನ ಜೊತೆಗೆ ಮಾರುವ ಪ್ರದೇಶದ ಭಾಷೆಯಲ್ಲೂ ಇರಲೇಬೇಕು. ಹೊಲದಲ್ಲಿ ಅಪ್ಪನಿಗೆ ಕನ್ನಡದಲ್ಲಿ ಎಚ್ಚರಿಕೆ. ಶಾಲೆಯಲ್ಲಿ ಮಗನಿಗೆ ಇಂಗ್ಲಿಷಿನಲ್ಲಿ! ಇದು ಯಾವ ನ್ಯಾಯ?

2013ರಲ್ಲಿ ಆಸಿಡ್ ದಾಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಶಿಕ್ಷಣ ಸಂಸ್ಥೆಗಳಿಗೂ ಆದೇಶ ಕೊಟ್ಟಿತು. ಆಸಿಡ್ ಬಳಕೆಗೆ ರಿಜಿಸ್ಟರ್ ಇಡಬೇಕು, ಅದನ್ನು ಕಾಯಲು ಒಬ್ಬ ಹೊಣೆಗಾರನಿರಬೇಕು ಎಂದಿತು. ಶಾಲೆಯಲ್ಲಿ ಆ ಹೊಣೆ ಬೀಳುವುದು ವಿಜ್ಞಾನ ಮೇಷ್ಟ್ರ ತಲೆಯ ಮೇಲೆ. ಹೊಣೆ ಹೊರಿಸುವವರು ತರಬೇತಿಯನ್ನೂ ಕೊಡಬೇಡವೇ?

ಭಾಷೆ ಗೊತ್ತಿಲ್ಲದಿದ್ದರೆ ಏನಾಗುತ್ತದೆ? 1984ರ ಭೋಪಾಲ್ ನೆನಪಿಸಿಕೊಳ್ಳಿ. ಆ ಕಾರ್ಖಾನೆಯ ಕೈಪಿಡಿಗಳು ಇಂಗ್ಲಿಷಿನಲ್ಲಿದ್ದವು. ಅಲ್ಲಿ ದುಡಿಯುತ್ತಿದ್ದ ಅನೇಕರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಸಾವಿರಾರು ಜನ ಸಾಯಲು ಅದೊಂದೇ ಕಾರಣವಲ್ಲ, ನಿಜ. ಆದರೆ ಓದಲಾಗದ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ ಎಂಬ ಪಾಠವನ್ನು ಅದು ಕಲಿಸಿತು.

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಈ ಪಾಠ ಇನ್ನೂ ಹೆಚ್ಚು ಬೇಕು. ಇಲ್ಲಿ ಸಕ್ಕರೆ ಕಾರ್ಖಾನೆಗಳಿವೆ. 2018ರ ಡಿಸೆಂಬರಿನಲ್ಲಿ ಮುಧೋಳ ತಾಲ್ಲೂಕಿನ ಸಕ್ಕರೆ ಕಾರ್ಖಾನೆಯೊಂದರ ಡಿಸ್ಟಿಲರಿ ಘಟಕದಲ್ಲಿ ಸ್ಫೋಟವಾಗಿ ಕಾರ್ಮಿಕರು ಜೀವ ಕಳೆದುಕೊಂಡರು. ರಬಕವಿ-ಬನಹಟ್ಟಿ ನೇಕಾರರ ಊರು. ನೂಲಿಗೆ ವ್ಯಾಟ್ ಬಣ್ಣ ಹಾಕಲು ಕಾಸ್ಟಿಕ್ ಸೋಡಾ, ಹೈಡ್ರೋಸ್ ಬೇಕು. ಹೈಡ್ರೋಸ್ ತೇವ ತಗುಲಿದರೆ ತಾನೇ ಕಾದು ಹೊತ್ತಿಕೊಳ್ಳಬಲ್ಲದು. ಇಂದು ಶಾಲೆಯ ಬೆಂಚಿನ ಮೇಲಿರುವ ಹುಡುಗ ನಾಳೆ ಆ ಬಣ್ಣದ ತೊಟ್ಟಿಯ ಮುಂದೆ ನಿಲ್ಲುತ್ತಾನೆ. ಶಾಲೆಯಲ್ಲಿ ಕಲಿತದ್ದು ಮನೆಯವರ ಜೀವವನ್ನೂ ಕಾಯುತ್ತದೆ.

ಒಂದು ಮಾತು ನಮ್ಮ ಪಂಡಿತರಿಗೂ ಇದೆ. ಬಾಟಲಿಯ ಮೇಲೆ ‘ತೀಕ್ಷ್ಣ ಉತ್ಕರ್ಷಣಕಾರಿ ದ್ರವ್ಯ’ ಎಂದು ಅಚ್ಚು ಹಾಕಿದರೆ ಅದು ಕನ್ನಡವಲ್ಲ, ಕನ್ನಡ ಲಿಪಿಯಲ್ಲಿರುವ ಇನ್ನೊಂದು ಇಂಗ್ಲಿಷ್! ‘ಚರ್ಮ ಸುಡುತ್ತದೆ’, ‘ಮೂಸಬೇಡಿ’, ‘ಬೆಂಕಿಯಿಂದ ದೂರ ಇಡಿ’ ಎನ್ನಿ. ಎಂಟನೇ ತರಗತಿ ಹುಡುಗಿಗೆ ಒಂದೇ ಓದಿಗೆ ತಿಳಿಯಬೇಕು.

ನಾವು ಕೇಳುವುದು ಬಹಳವೇನಲ್ಲ. ಪ್ರತಿ ತಾಲ್ಲೂಕಿನಲ್ಲಿ ಶಾಲೆ ಶುರುವಾಗುವ ಮೊದಲು ವಿಜ್ಞಾನ ಶಿಕ್ಷಕರಿಗೆ ಒಂದು ದಿನದ ತರಬೇತಿ. ಅದು ಕನ್ನಡದಲ್ಲಿರಲಿ, ಕೈಯಿಂದ ಮಾಡಿಸುವಂತಿರಲಿ, ಬರೀ ಭಾಷಣ ಬೇಡ. ಪ್ರತಿ ಬಾಟಲಿಗೆ ಕನ್ನಡದ ಚೀಟಿ. ಪ್ರತಿ ಪ್ರಯೋಗದ ಕೋಣೆಯಲ್ಲಿ ತುಂಬಿದ ನೀರಿನ ಡ್ರಮ್ಮು, ಮರಳಿನ ಬಕೆಟ್ಟು, ಕಣ್ಣಿಗೆ ಕನ್ನಡಕ. ಇಷ್ಟೇ.

ಯುವಕರೇ, ಮಸಿ ಡಬ್ಬಿ ಕೆಳಗಿಡಿ. ನೀವು ಓದಿದ ಶಾಲೆಗೆ ಹೋಗಿ. ಮುಖ್ಯೋಪಾಧ್ಯಾಯರಿಗೆ ನಮಸ್ಕಾರ ಹೇಳಿ, ಕಪಾಟು ತೆರೆಸಿ. ಯಾವ ಬಾಟಲಿಗೆ ಚೀಟಿ ಇಲ್ಲ, ನಲ್ಲಿಯಲ್ಲಿ ನೀರಿದೆಯೇ, ಮೇಷ್ಟ್ರಿಗೆ ತರಬೇತಿ ಆಗಿದೆಯೇ ಎಂದು ಬರೆದುಕೊಳ್ಳಿ. ಆ ಪಟ್ಟಿ ಹಿಡಿದು ಕ್ಷೇತ್ರ ಶಿಕ್ಷಣಾಧಿಕಾರಿಯ ಬಾಗಿಲಿಗೆ ಹೋಗಿ. ಉತ್ತರ ಬರುವವರೆಗೆ ಅಲ್ಲಿಂದ ಕದಲಬೇಡಿ.

ಚೀಟಿಯ ಚಿಂತೆ ಬಿಡಿ. ತಿಳಿದ ಶಿಕ್ಷಕರು ಒಕ್ಕಣೆ ತಿದ್ದಿಕೊಡಲಿ. ನಾಲ್ಕು ತಾಲ್ಲೂಕಿನ ಕನ್ನಡ ಶಾಲೆಗಳಿಗೆ ನನ್ನ ಪ್ರೆಸ್ಸಿನಲ್ಲಿ ಒಂದು ಪೈಸೆ ತೆಗೆದುಕೊಳ್ಳದೆ ಅಚ್ಚು ಹಾಕಿಕೊಡುತ್ತೇನೆ. ನನ್ನ ಗೆಳೆಯನ ಕೆನ್ನೆಗೆ ನಾನು ತೀರಿಸಬೇಕಾದ ಸಾಲ ಅದು.